ಒಂದು ಕೈ ಬಿಗಿ ಇರುವ ಮಗಳಿಗೆ ಪಿಯಾನೋ ಕಲಿಸಬಹುದಾ? ತುಮಕೂರಿನವರು ಯಾರಾದರೂ ಹೇಳಿ

ಕ್ಯಾತ್ಸಂದ್ರದ ಅಮ್ಮ

ಎಲ್ಲರಿಗೂ ನಮಸ್ಕಾರ. ಇಲ್ಲಿ ಬರೆಯುತ್ತಿರುವುದು ಇದೇ ಮೊದಲು. ಸ್ವಲ್ಪ ಉದ್ದ ಆಗಬಹುದು, ದಯವಿಟ್ಟು ಓದಿ.

ನಾವಿರುವುದು ಕ್ಯಾತ್ಸಂದ್ರದಲ್ಲಿ. ಮಗಳಿಗೆ ಹತ್ತು ವರ್ಷ, ಐದನೇ ಕ್ಲಾಸು. ಸೆರೆಬ್ರಲ್ ಪಾಲ್ಸಿ ಇದೆ ಅಂತ ಒಂದೂವರೆ ವರ್ಷವಾದಾಗ ಗೊತ್ತಾಯಿತು. ಎಡಗಡೆಯ ಕೈಕಾಲು ಬಿಗಿ. ಕಾಲಿಗೆ ಸ್ಪ್ಲಿಂಟ್ ಹಾಕಿಕೊಂಡು ಚೆನ್ನಾಗಿಯೇ ನಡೆಯುತ್ತಾಳೆ. ಎಡಗೈ ಮಾತ್ರ ಮುಷ್ಟಿ ಕಟ್ಟಿಕೊಂಡೇ ಇರುತ್ತದೆ. ಬೆರಳು ಬಿಡಿಸಬೇಕಾದರೆ ಬಲಗೈಯಿಂದ ಒಂದೊಂದಾಗಿ ಬಿಡಿಸಬೇಕು. ಓದಿನಲ್ಲಿ ಚುರುಕು. ಹದಿನೈದರ ಮಗ್ಗಿಯವರೆಗೆ ಗಡಗಡ ಹೇಳುತ್ತಾಳೆ. ಆದರೆ ಅದೆಲ್ಲ ಮನೆಯೊಳಗೆ.

ಹೊಸಿಲು ದಾಟಿದರೆ ಬೇರೆಯೇ ಹುಡುಗಿ. ಸ್ಕೂಲ್ ಗ್ರೂಪ್ ಫೋಟೋದಲ್ಲಿ ಎಡಗೈ ಬೆನ್ನ ಹಿಂದೆ. ಅಂಗಡಿಯಲ್ಲಿ ಪೆನ್ಸಿಲ್ ಬೇಕು ಅಂತ ಕೇಳುವುದಿಲ್ಲ, "ಅಮ್ಮ, ನೀನೇ ಹೇಳು" ಅಂತ ನನ್ನ ಸೆರಗು ಎಳೆಯುತ್ತಾಳೆ. ಕ್ಲಾಸಿನಲ್ಲಿ ಉತ್ತರ ಗೊತ್ತಿದ್ದರೂ ಎದ್ದು ನಿಲ್ಲುವುದಿಲ್ಲ ಅಂತ ಅವಳ ಟೀಚರೇ ಹೇಳಿದರು.

ಈ ಸಲ ಊರಹಬ್ಬಕ್ಕೆ ಗುಬ್ಬಿ ತಾಲ್ಲೂಕಿನ ನನ್ನ ತವರಿಗೆ ಹೋಗಿದ್ದೆವು. ರಾತ್ರಿ ಪೌರಾಣಿಕ ನಾಟಕ ಇತ್ತು. ಸಂಜೆಯೇ ಸೀನರಿಯವರು, ಲೈಟಿನವರು ಎಲ್ಲ ಬಂದಿದ್ದರು. ಹಾರ್ಮೋನಿಯಂ ಮೇಷ್ಟ್ರ ಪಕ್ಕದಲ್ಲಿ ಒಬ್ಬ ಹುಡುಗ ಕೀಬೋರ್ಡ್ ಜೋಡಿಸುತ್ತಿದ್ದ. ಇವಳು ಹೋಗಿ ನೋಡುತ್ತಾ ನಿಂತಳು. ಆ ಹುಡುಗ "ಒತ್ತು ಪುಟ್ಟಿ" ಅಂದ. ಒತ್ತಿದಳು. ಆಮೇಲೆ ಅರ್ಧ ಗಂಟೆ ಅಲ್ಲಿಂದ ಕದಲಲಿಲ್ಲ. ಊಟಕ್ಕೆ ಕರೆದರೂ ಬರಲಿಲ್ಲ. ಅಷ್ಟು ಜನ ಓಡಾಡುತ್ತಿದ್ದರು, ಇವಳಿಗೆ ಯಾರೂ ಕಾಣಿಸಲಿಲ್ಲ. ಅವಳನ್ನು ಹಾಗೆ ನಾನು ನೋಡಿಯೇ ಇರಲಿಲ್ಲ.

ಬಂದ ಮೇಲೆ ಟೌನಿನಲ್ಲಿ ಒಂದು ಮ್ಯೂಸಿಕ್ ಕ್ಲಾಸಿಗೆ ಕರೆದುಕೊಂಡು ಹೋದೆ. ಅಲ್ಲಿನ ಸರ್ ಮರ್ಯಾದೆಯಿಂದಲೇ ಮಾತಾಡಿದರು. "ಪಿಯಾನೋಗೆ ಎರಡು ಕೈಯೂ ಬೇಕಲ್ವಾ ಮೇಡಂ, ಇವಳನ್ನು ಹಾಡುಗಾರಿಕೆಗೆ ಸೇರಿಸಿ" ಅಂದರು. ಮಗಳು ಪಕ್ಕದಲ್ಲೇ ನಿಂತಿದ್ದಳು. ವಾಪಸ್ ಬರುವಾಗ ಸ್ಕೂಟರಿನಲ್ಲಿ ಮಾತೇ ಇಲ್ಲ. ತಟ್ಟೆ ಇಡ್ಲಿ ಹೋಟೆಲ್ ಹತ್ತಿರ ಗಾಡಿ ನಿಧಾನ ಮಾಡಿದಾಗ ಹಿಂದಿನಿಂದ ಕೇಳಿದಳು: "ಅಮ್ಮ, ಒಂದು ಕೈ ಇದ್ದೋರಿಗೆ ಅರ್ಧ ಫೀಸ್ ತಗೊಂಡು ಹೇಳಿಕೊಡ್ತಾರಾ?"

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಬಲ್ಲವರು ಹೇಳಿ. ಇಂಥ ಮಕ್ಕಳಿಗೆ ಪಿಯಾನೋ ಅಥವಾ ಕೀಬೋರ್ಡ್ ಕಲಿಸಿದರೆ ಧೈರ್ಯ ಬರುತ್ತದಾ? ಬೇರೆ ಮಕ್ಕಳು ಎರಡು ಕೈಯಲ್ಲಿ ನುಡಿಸುವುದನ್ನು ನೋಡಿ ಇನ್ನೂ ಕುಗ್ಗಿಬಿಟ್ಟರೆ? ಅತ್ತೆಯವರು "ಸುಮ್ನೆ ಮಗುವಿಗೆ ಆಸೆ ಹುಟ್ಟಿಸಬೇಡ" ಅನ್ನುತ್ತಾರೆ. ಅವರೂ ಪ್ರೀತಿಯಿಂದಲೇ ಹೇಳುತ್ತಿದ್ದಾರೆ, ಅದಕ್ಕೇ ನನಗೆ ಗೊಂದಲ.


ಕೋಲಾರದ ಅಪ್ಪ

ಅಕ್ಕ, ನನ್ನ ಮಗನ ಕಥೆ ಬೇರೆ, ಆದರೂ ಹೇಳುತ್ತೇನೆ. ಅವನಿಗೆ ಎಂಟು ವರ್ಷ. ಎರಡೂ ಕಿವಿಗೆ ಹಿಯರಿಂಗ್ ಏಡ್. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ವರ್ಷಗಟ್ಟಲೆ ಓಡಾಡಿದ್ದೇವೆ. ಕಿವಿ ಕೇಳದವನಿಗೆ ಸಂಗೀತ ಯಾಕೆ ಅಂತ ನಮ್ಮ ಕಡೆಯೂ ಕೇಳಿದರು.

ನಾವು ಒಂದು ಹಳೆಯ ಕೀಬೋರ್ಡ್ ಕೊಂಡೆವು. ಅವನು ಎಡಗೈ ಅಂಗೈಯನ್ನು ಸ್ಪೀಕರ್ ಮೇಲೆ ಇಟ್ಟುಕೊಂಡು ಬಲಗೈಯಲ್ಲಿ ಒತ್ತುತ್ತಾನೆ. ದಪ್ಪ ಸ್ವರಗಳು ಕೈಗೆ ಗುಂಯ್ ಅಂತ ತಟ್ಟುತ್ತವೆ. ರಾಗ ಅಷ್ಟಾಗಿ ಹತ್ತುವುದಿಲ್ಲ, ಆದರೆ ತಾಳ ಒಂದಿಷ್ಟೂ ತಪ್ಪುವುದಿಲ್ಲ. ಈಗ ಓಣಿಯ ಮಕ್ಕಳು ತಮಟೆ ಬಾರಿಸುವ ಆಟ ಆಡಿದರೆ ಲೆಕ್ಕ ಹಿಡಿಯುವವನು ಇವನೇ. ಮೊದಲು ಆ ಗುಂಪಿನ ಹತ್ತಿರವೂ ಹೋಗುತ್ತಿರಲಿಲ್ಲ.

ಸೇರಿಸಿ ಅಕ್ಕ. ಒಬ್ಬರು ಇಲ್ಲ ಅಂದರೆ ಇನ್ನೊಬ್ಬರು ಸಿಗುತ್ತಾರೆ.


ಎಸ್.ಎಸ್. ಪುರಂ ಕೀಬೋರ್ಡ್ ಮಿಸ್

ಮೊದಲು ಆ ಮಗುವಿಗೆ ನನ್ನ ಪರವಾಗಿ ಹೇಳಿ, ಒಂದು ಕೈಯಾದರೂ ಪೂರ್ತಿ ಫೀಸೇ. ಯಾಕೆಂದರೆ ಪಾಠ ಪೂರ್ತಿ.

ನಾನು ತುಮಕೂರಿನಲ್ಲಿ ಮನೆಯಲ್ಲೇ 16 ವರ್ಷದಿಂದ ಕೀಬೋರ್ಡ್ ಹೇಳಿಕೊಡುತ್ತಿದ್ದೇನೆ. ಇದುವರೆಗೆ ಆರು ಜನ ವಿಶೇಷ ಮಕ್ಕಳು ನನ್ನ ಹತ್ತಿರ ಕಲಿತಿದ್ದಾರೆ. ಹೇಗೆ ಕಲಿಸಬೇಕು ಅಂತ ನನಗೆ ಯಾರೂ ಹೇಳಿಕೊಡಲಿಲ್ಲ. ಆ ಮಕ್ಕಳೇ ಕಲಿಸಿದರು.

ಒಂದು ಕೈ ವಿಷಯ ಮೊದಲು ಮುಗಿಸುತ್ತೇನೆ. ಪಿಯಾನೋಗೆ ಎರಡು ಕೈ ಬೇಕೇ ಬೇಕು ಅನ್ನುವುದು ಪೂರ್ತಿ ನಿಜ ಅಲ್ಲ. ಆಸ್ಟ್ರಿಯಾದಲ್ಲಿ ಪಾಲ್ ವಿಟ್‌ಗೆನ್‌ಸ್ಟೈನ್ ಅನ್ನುವ ಪಿಯಾನೋ ವಾದಕರಿದ್ದರು. ಮೊದಲನೇ ಮಹಾಯುದ್ಧದಲ್ಲಿ ಬಲಗೈಯನ್ನೇ ಕಳೆದುಕೊಂಡರು. ಆದರೂ ಬಿಡಲಿಲ್ಲ. ದೊಡ್ಡ ದೊಡ್ಡ ಸಂಗೀತಗಾರರಿಂದ ಎಡಗೈ ಒಂದಕ್ಕೇ ಕೃತಿಗಳನ್ನು ಬರೆಸಿಕೊಂಡರು. ಫ್ರಾನ್ಸಿನ ರಾವೆಲ್ ಬರೆದುಕೊಟ್ಟ ಕೃತಿಯನ್ನು ಅವರು 1932ರಲ್ಲಿ ವಿಯೆನ್ನಾದಲ್ಲಿ ಮೊದಲ ಸಲ ನುಡಿಸಿದರು. ಇಡೀ ಆರ್ಕೆಸ್ಟ್ರಾ ಒಂದು ಕಡೆ, ಇವರ ಒಂದು ಕೈ ಒಂದು ಕಡೆ. ಅವರಿಗೆ ಉಳಿದದ್ದು ಎಡಗೈ. ನಿಮ್ಮ ಮಗಳಿಗೆ ಬಲಗೈ ಚೆನ್ನಾಗಿದೆ.

ಅಷ್ಟು ದೂರ ಹೋಗುವುದೂ ಬೇಡ. ನಮ್ಮ ಸಂಗೀತ ಒಂದೇ ಎಳೆಯಲ್ಲಿ ಹೋಗುವಂಥದ್ದು. ಸರಳೆ ವರಸೆಗೆ, ದೇವರನಾಮಕ್ಕೆ ಒಂದು ಕೈ ಸಾಕು. ಕೈ ಹಾರ್ಮೋನಿಯಂ ನುಡಿಸುವ ಮೇಷ್ಟ್ರು ಸಾಮಾನ್ಯವಾಗಿ ಒಂದೇ ಕೈಯಲ್ಲಿ ನುಡಿಸುತ್ತಾರೆ, ಇನ್ನೊಂದು ಕೈ ತಿದಿ ಒತ್ತುತ್ತಿರುತ್ತದೆ. ಅವರನ್ನು ಯಾರಾದರೂ ಅರ್ಧ ಮೇಷ್ಟ್ರು ಅನ್ನುತ್ತಾರಾ? ಇನ್ನು ಎಡಗೈಗೆ ಶ್ರುತಿ ಕೊಡಬಹುದು. ಮುಷ್ಟಿ ಬಿಡಿಸುವುದೇ ಬೇಡ. ಮುಷ್ಟಿಯಲ್ಲೇ ಒಂದು ಸ ಒತ್ತಿ ಹಿಡಿದರೆ ಆಯಿತು, ತಂಬೂರಿ ಥರ. ಪಿಯಾನೋ ಟೋನ್‌ನಲ್ಲಿ ಸ್ವರ ಸ್ವಲ್ಪ ಹೊತ್ತಿಗೆ ಕರಗಿಹೋಗುತ್ತದೆ. ಆರ್ಗನ್ ಟೋನ್ ಹಾಕಿದರೆ ಒತ್ತಿದಷ್ಟು ಹೊತ್ತೂ ನಿಲ್ಲುತ್ತದೆ. ಸ್ಪ್ಲಿಟ್ ಅನ್ನುವ ಸೌಲಭ್ಯ ಇರುವ ಕೀಬೋರ್ಡ್ ಆದರೆ ಎಡಗಡೆಗೆ ಆರ್ಗನ್, ಬಲಗಡೆಗೆ ಪಿಯಾನೋ ಹಾಕಿಕೊಳ್ಳಬಹುದು.

ಮೊದಲ ದಿನ ನಾನು ಕಪ್ಪು ಕೀಗಳಿಂದಲೇ ಶುರು ಮಾಡುತ್ತೇನೆ. ಕಪ್ಪು ಕೀಗಳು ಎರಡರ ಗುಂಪು, ಮೂರರ ಗುಂಪು ಅಂತ ಇರುತ್ತವೆ. ಮೂರರ ಗುಂಪಿನ ಮೊದಲನೆಯದನ್ನು ಸ ಮಾಡಿಕೊಂಡರೆ ಐದು ಕಪ್ಪು ಕೀಗಳೂ ಸೇರಿ ಮೋಹನ ರಾಗದ ಸ್ವರಗಳೇ ಆಗುತ್ತವೆ. ಮಗು ಎಲ್ಲಿ ಒತ್ತಿದರೂ ಅಪಸ್ವರ ಇಲ್ಲ. ಬಿಳಿ ಕೀಗಿಂತ ಎತ್ತರ ಇರುವುದರಿಂದ ಕೈಗೂ ಸುಲಭವಾಗಿ ಸಿಗುತ್ತವೆ. ಹುಟ್ಟಿದಾಗಿನಿಂದ "ಹಾಗಲ್ಲ, ಹೀಗೆ" ಅಂತಲೇ ಕೇಳಿಕೊಂಡು ಬಂದ ಮಗುವಿಗೆ ಮೊದಲ ಹದಿನೈದು ನಿಮಿಷ ಒಂದೂ ತಪ್ಪು ಆಗದಿದ್ದರೆ ಅದರ ಮುಖ ನೋಡಬೇಕು ನೀವು.

ಪಿಟೀಲಿನಲ್ಲಿ ಒಂದು ಒಳ್ಳೆಯ ನಾದ ಬರಬೇಕಾದರೆ ತಿಂಗಳುಗಳು ಬೇಕು. ಕೊಳಲಿನಲ್ಲಿ ಮೊದಲು ಬರುವುದು ಬರೀ ಗಾಳಿ. ಪಿಯಾನೋ ಹಾಗಲ್ಲ. ಮೊದಲ ಸಲ ಮುಟ್ಟಿದ ಬೆರಳಿಗೂ ಶುದ್ಧ ಸ್ವರವನ್ನೇ ಕೊಡುತ್ತದೆ. ಅದೇ ಜಾಗ ಒತ್ತಿದರೆ ಅದೇ ಸ್ವರ, ನಾಳೆಯೂ ಅದೇ. ನೂರು ಸಲ ತಪ್ಪಿದರೂ ನಿಟ್ಟುಸಿರು ಬಿಡುವುದಿಲ್ಲ, ಕೈ ಹಿಡಿದು ಎಳೆಯುವುದಿಲ್ಲ. ಈ ಮಕ್ಕಳಿಗೆ ಅದು ಎಷ್ಟು ದೊಡ್ಡ ಸಮಾಧಾನ ಅನ್ನುವುದು ನನಗೆ ತಡವಾಗಿ ಅರ್ಥವಾಯಿತು.

ಈಗ ಒಬ್ಬ ಹುಡುಗನ ವಿಷಯ ಹೇಳಬೇಕು. ನಿಮ್ಮ ನಿಜವಾದ ಪ್ರಶ್ನೆಗೆ ಉತ್ತರ ಅಲ್ಲಿದೆ ಅಂತ ನನಗೆ ಅನ್ನಿಸುತ್ತದೆ.

ಡೌನ್ ಸಿಂಡ್ರೋಮ್ ಇರುವ ಹುಡುಗ. ಬಂದಾಗ ಹನ್ನೆರಡು ವರ್ಷ. ಬೆರಳು ಗಿಡ್ಡ, ಗೆಣ್ಣುಗಳು ತುಂಬಾ ಸಡಿಲ, ಗಟ್ಟಿಯಾಗಿ ಒತ್ತಿದರೆ ಬೆರಳು ಹಿಂದಕ್ಕೆ ಬಾಗುತ್ತಿತ್ತು. ನಿಜವಾದ ಪಿಯಾನೋದಲ್ಲಿ ಒಂದು ಕೀ ಇಳಿಯಬೇಕಾದರೆ ಸುಮಾರು 50 ಗ್ರಾಂ ಭಾರ ಬೇಕು, ಅದಕ್ಕೇ ಹಗುರ ಕೀ ಇರುವ ಕೀಬೋರ್ಡಿನಲ್ಲಿ ಶುರು ಮಾಡಿದೆ. ಬಾಯಲ್ಲಿ ಹೇಳಿದ್ದು ಅವನಿಗೆ ನಿಲ್ಲುತ್ತಿರಲಿಲ್ಲ. ನೋಡಿದ್ದು ನಿಲ್ಲುತ್ತಿತ್ತು. ಹಾಗಾಗಿ ನಾನು ಮಾತು ನಿಲ್ಲಿಸಿದೆ. ನಾನು ನುಡಿಸುವುದು, ಅವನು ನೋಡುವುದು, ಆಮೇಲೆ ಅವನು ನುಡಿಸುವುದು. ಅವರಮ್ಮ ಪಕ್ಕದಲ್ಲೇ ಕೂತು "ಅವನಿಗೆ ಇದು ಬರಲ್ಲ ಮಿಸ್, ಬೇರೆ ಕೊಡಿ" ಅನ್ನುತ್ತಿದ್ದರು. ನೀವು ಹೊರಗೆ ಜಗಲಿಯಲ್ಲಿ ಕೂತಿರಿ ಅಂತ ಕೇಳಿಕೊಂಡೆ. ಆ ತಾಯಿಗೆ ಕಷ್ಟವಾಯಿತು. ಆದರೂ ಕೂತರು.

ಎಂಟು ತಿಂಗಳಿಗೆ ಎರಡು ಚಿಕ್ಕ ಹಾಡು ಚೆನ್ನಾಗಿ ಬಂತು. ಆಗ ನಾನೊಂದು ದೊಡ್ಡ ತಪ್ಪು ಮಾಡಿದೆ. ನಮ್ಮ ಕ್ಲಾಸಿನ ವಾರ್ಷಿಕ ಕಾರ್ಯಕ್ರಮಕ್ಕೆ ಅವನನ್ನು ಹತ್ತಿಸಿದೆ. ಇನ್ನೂರು ಜನ ಇದ್ದರು. ಅವನು ಮೆಟ್ಟಿಲು ಹತ್ತುವಾಗಲೇ ಎಲ್ಲರೂ ಚಪ್ಪಾಳೆ ಹೊಡೆದರು. ಇನ್ನೂ ಒಂದು ಸ್ವರ ನುಡಿಸಿಲ್ಲ, ಆಗಲೇ ಚಪ್ಪಾಳೆ. ಅವನು ಎರಡೂ ಕಿವಿ ಮುಚ್ಚಿಕೊಂಡ. ಹಾಗೇ ಇಳಿದು ಬಂದುಬಿಟ್ಟ. ಮೂರು ವಾರ ಕೀಬೋರ್ಡ್ ಮುಟ್ಟಲಿಲ್ಲ. ಸ್ಟೇಜ್ ಹತ್ತುವ ಆಸೆ ನನ್ನದಾಗಿತ್ತು, ಅವನದಲ್ಲ. ಅದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಅವನು ಮತ್ತೆ ಬಂದಾಗ ಒಂದು ಆಟ ಶುರು ಮಾಡಿದೆ. ಅವನಿಗೆ ಗೊತ್ತಿರುವ ಹಾಡನ್ನು ನಾನು ನುಡಿಸುವುದು, ಮಧ್ಯೆ ಬೇಕೆಂದೇ ಒಂದು ತಪ್ಪು ಸ್ವರ ಹಾಕುವುದು, ಅವನು ಹಿಡಿಯುವುದು. ತಪ್ಪು ಅವನಿಗೆ ಗೊತ್ತಾಗುತ್ತಿತ್ತು, ಹುಬ್ಬು ಗಂಟಾಗುತ್ತಿತ್ತು. ಆದರೆ ಬಾಯಿ ಬಿಡುತ್ತಿರಲಿಲ್ಲ. ನನ್ನ ಮುಖ ನೋಡುತ್ತಿದ್ದ. ದೊಡ್ಡವರಿಗೆ ತಪ್ಪು ಅಂತ ಹೇಳಿದ ಅಭ್ಯಾಸವೇ ಆ ಮಗುವಿಗೆ ಇರಲಿಲ್ಲ. ಅವನನ್ನು ತಿದ್ದುವವರೇ ಎಲ್ಲ, ಅವನು ತಿದ್ದುವುದು ಯಾರನ್ನು? ಒಂದು ತಿಂಗಳು ಹೀಗೇ ಹೋಯಿತು.

ಆಷಾಢದ ಜಡಿಮಳೆಯ ಒಂದು ಸಂಜೆ. ಅವತ್ತು ನಾವು ಆ ಆಟ ಆಡುತ್ತಿರಲಿಲ್ಲ. ನನ್ನ ತಲೆ ಬೇರೆಲ್ಲೋ ಇತ್ತು, ಬೆರಳು ನಿಜವಾಗಿಯೂ ಜಾರಿತು. ಅವನು ನನ್ನ ಕೈ ಮೇಲೆ ಕೈ ಇಟ್ಟ. "ಮಿಸ್, ಇದಲ್ಲ. ಅದು" ಅಂತ ಸರಿಯಾದ ಕೀ ಒತ್ತಿ ತೋರಿಸಿದ.

ಅದೇ ವಾರ ಅವರಮ್ಮ ಬಂದು ಹೇಳಿದರು. ಅಂಗಡಿಯವರು ಇವನಿಗೆ ಬೇರೆ ಬಿಸ್ಕತ್ ಕೊಟ್ಟರಂತೆ. ಯಾವಾಗಲೂ ಕೊಟ್ಟಿದ್ದು ಈಸಿಕೊಂಡು ಬರುವ ಹುಡುಗ, ಅವತ್ತು ಅಲ್ಲೇ ನಿಂತು "ಇದಲ್ಲ, ಅದು" ಅಂದನಂತೆ. ಪಿಯಾನೋ ಒಂದರಿಂದಲೇ ಹೀಗಾಯಿತು ಅಂತ ನಾನು ಹೇಳುವುದಿಲ್ಲ. ಅವನ ಸ್ಕೂಲಿದೆ, ಅಮ್ಮನ ಶ್ರಮ ಇದೆ. ಆದರೆ ಮಾತು ಅದೇ ಮಾತು.

ಹಾಗಾಗಿ ಮೇಡಂ, ಟೀಚರ್ ಹುಡುಕುವಾಗ ಎಷ್ಟು ದಿನಕ್ಕೆ ಹಾಡು ಬರುತ್ತದೆ ಅಂತ ಕೇಳಬೇಡಿ. ನನ್ನ ಮಗಳು ಯಾವ ಹಾಡು ಬೇಕು ಅಂತ ತಾನೇ ಹೇಳಬಹುದಾ ಅಂತ ಕೇಳಿ. ವಾರಕ್ಕೊಮ್ಮೆ ಒಂದು ಗಂಟೆಗಿಂತ ಎರಡು ಸಲ ಇಪ್ಪತ್ತಿಪ್ಪತ್ತು ನಿಮಿಷ ಒಳ್ಳೆಯದು. ಶುರುವಿಗೆ ಒಬ್ಬಳೇ ಕೂತು ಕಲಿಯಲಿ. ಗ್ರೇಡ್ ಪರೀಕ್ಷೆಗೆ ಅವಸರ ಬೇಡ. ಮುಂದೆ ಅವಳಿಗೇ ಬೇಕು ಅನ್ನಿಸಿದರೆ ಲಂಡನ್ನಿನ ಟ್ರಿನಿಟಿ ಕಾಲೇಜು ನಡೆಸುವಂಥ ಸಂಗೀತ ಪರೀಕ್ಷೆಗಳಲ್ಲಿ ಇಂಥ ಮಕ್ಕಳಿಗೆ ಜಾಸ್ತಿ ಸಮಯ ಕೊಡುವುದೂ ಸೇರಿ ಅನುಕೂಲಗಳಿವೆ, ಮೊದಲೇ ಅರ್ಜಿ ಹಾಕಿ ಕೇಳಿಕೊಳ್ಳಬೇಕು. ಕೀಬೋರ್ಡ್ 61 ಕೀಗಳದ್ದು ಸಾಕು. ನಿಜವಾದ ಪಿಯಾನೋದ 88 ಕೀಗಳೂ ಈಗಲೇ ಬೇಕಿಲ್ಲ. ಹೆಡ್‌ಫೋನ್ ಹಾಕುವ ಜಾಗ ಇರುವುದನ್ನೇ ತೆಗೆದುಕೊಳ್ಳಿ. ತಪ್ಪುವಾಗ ಯಾರಿಗೂ ಕೇಳಿಸಬಾರದು ಅನ್ನುವ ಹಠ ಕೆಲವು ಮಕ್ಕಳಿಗೆ ಇರುತ್ತದೆ, ಇರಲಿ ಬಿಡಿ.

ನಿಮಗೆ ಎಸ್.ಎಸ್. ಪುರಂ ದೂರ ಅನ್ನಿಸದಿದ್ದರೆ ಒಂದು ಸಂಜೆ ಮಗುವನ್ನು ಕರೆದುಕೊಂಡು ಬನ್ನಿ. ಸೇರಿಸಲೇಬೇಕು ಅಂತಿಲ್ಲ. ಕಪ್ಪು ಕೀ ಮುಟ್ಟಿ ನೋಡಿ ಹೋಗಲಿ.


ಮಧುಗಿರಿ ಹಾರ್ಮೋನಿಯಂ ಮೇಷ್ಟ್ರು

ಈ ಮಾತುಗಳನ್ನು ಫೋನಿಗೆ ಹೇಳಿ ಬರೆಸುತ್ತಿದ್ದೇನೆ, ತಪ್ಪಿದ್ದರೆ ತಿದ್ದಿಕೊಂಡು ಓದಿ. ನನಗೆ ಎರಡು ಕಣ್ಣೂ ಕಾಣುವುದಿಲ್ಲ. ವಯಸ್ಸು ಐವತ್ತೆಂಟು. ಮಕ್ಕಳಿಗೆ ಪಾಠ ಹೇಳುತ್ತೇನೆ, ನಾಟಕಗಳಿಗೆ ನುಡಿಸುತ್ತೇನೆ.

ಮಿಸ್ ಹೇಳಿದ ಚಪ್ಪಾಳೆ ವಿಷಯ ಓದಿಸಿಕೊಂಡಾಗ ಎದೆ ಝಲ್ಲೆಂದಿತು. ನಾನು ಚಿಕ್ಕವನಾಗಿದ್ದಾಗ ಏನು ಮಾಡಿದರೂ ಜನ ಚಪ್ಪಾಳೆ ಹೊಡೆಯುತ್ತಿದ್ದರು. ಕೊಡ ನೀರು ತಂದರೆ ಚಪ್ಪಾಳೆ. ತಪ್ಪು ತಪ್ಪಾಗಿ ಹಾಡಿದರೂ ಚಪ್ಪಾಳೆ. ಅದು ನನಗೆ ಹೊಡೆದದ್ದಲ್ಲ, ನನ್ನ ಕಣ್ಣಿಗೆ ಹೊಡೆದದ್ದು ಅಂತ ಏಳೆಂಟು ವರ್ಷಕ್ಕೇ ನನಗೆ ತಿಳಿದಿತ್ತು. ಮಕ್ಕಳಿಗೆ ಎಲ್ಲ ತಿಳಿಯುತ್ತದೆ. ನನಗೆ ಮೊದಲ ಸಲ "ಸ್ವರ ಜಾರಿತು, ಮತ್ತೆ ನುಡಿಸು" ಅಂದವರು ನನ್ನ ಗುರುಗಳು. ಅವತ್ತು ಮನೆಗೆ ಬಂದು ಅತ್ತೆ. ದುಃಖಕ್ಕಲ್ಲ. ಎಲ್ಲರಿಗೂ ಹೇಳುವ ಹಾಗೆ ನನಗೂ ಹೇಳಿದರಲ್ಲಾ ಅಂತ.

ನನ್ನ ಗುರುಗಳು ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವರು. ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು, ಇಬ್ಬರಿಗೂ ಕಣ್ಣು ಕಾಣುತ್ತಿರಲಿಲ್ಲ. ಪುಟ್ಟರಾಜರು 2010ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಇದ್ದವರು. ಕಣ್ಣಿಲ್ಲದ ಎಷ್ಟೋ ಮಕ್ಕಳು ಅಲ್ಲಿ ಕಲಿತು ಸಂಗೀತದಿಂದಲೇ ಅನ್ನ ದುಡಿದು ತಿಂದರು. ತಾನು ಕಲಿತದ್ದರಿಂದ ನಾಲ್ಕು ಕಾಸು ಕೈಗೆ ಬಂದಾಗ ಆಗುವ ಧೈರ್ಯವೇ ಬೇರೆ. ಅದು ನಿಮ್ಮ ಮಗುವಿಗೆ ಇನ್ನೂ ದೂರದ ಮಾತು, ಆದರೂ ಹೇಳಿದೆ.

ಕಣ್ಣು ಕಾಣದ ಮಕ್ಕಳ ತಂದೆತಾಯಿ ಯಾರಾದರೂ ಇದನ್ನು ಓದುತ್ತಿದ್ದರೆ ಅವರಿಗೆ ಒಂದು ಮಾತು. ಪಿಯಾನೋ, ಹಾರ್ಮೋನಿಯಂ ನಮಗೆಂದೇ ಮಾಡಿದ ಹಾಗಿವೆ. ಎರಡು ಕಪ್ಪಿನ ಗುಂಪು ಕೈಗೆ ಸಿಕ್ಕಿತು ಅಂದರೆ ಅದರ ಎಡಕ್ಕೆ ಒತ್ತಿಕೊಂಡಿರುವ ಬಿಳಿ ಕೀ ಯಾವುದು ಅಂತ ಯಾರನ್ನೂ ಕೇಳಬೇಕಿಲ್ಲ. ಅಲ್ಲಿಂದ ಎಲ್ಲ ಲೆಕ್ಕ. ಬ್ರೈಲ್ ಲಿಪಿ ಕೊಟ್ಟ ಲೂಯಿ ಬ್ರೈಲ್ ಕೂಡ ಪ್ಯಾರಿಸ್ಸಿನ ಚರ್ಚುಗಳಲ್ಲಿ ಆರ್ಗನ್ ನುಡಿಸುತ್ತಿದ್ದವರು. 1829ರಲ್ಲಿ ಅವರು ಮಾಡಿದ ಪುಸ್ತಕದಲ್ಲೇ ಅಕ್ಷರದ ಜೊತೆ ಸಂಗೀತ ಬರೆಯುವ ಕ್ರಮವೂ ಇತ್ತು. ಜಪಾನಿನ ನೊಬುಯುಕಿ ತ್ಸುಜಿ ಹುಟ್ಟುಕುರುಡರು. 2009ರಲ್ಲಿ ಅಮೆರಿಕದ ವ್ಯಾನ್ ಕ್ಲೈಬರ್ನ್ ಪಿಯಾನೋ ಸ್ಪರ್ಧೆಯಲ್ಲಿ ಚಿನ್ನದ ಪದಕವನ್ನು ಇನ್ನೊಬ್ಬರ ಜೊತೆ ಹಂಚಿಕೊಂಡರು. ಅಷ್ಟು ದೊಡ್ಡ ಕೃತಿಗಳನ್ನು ಅವರು ಕಿವಿಯಿಂದ ಕೇಳಿಯೇ ಕಲಿಯುತ್ತಾರೆ.

ಮಿಸ್ ಹೇಳಿದ ಒಂದು ವಿಷಯಕ್ಕೆ ಮಾತ್ರ ಸ್ವಲ್ಪ ಸೇರಿಸಬೇಕು. ಮಗುವನ್ನು ಸ್ಟೇಜಿನಿಂದ ಪೂರ್ತಿ ದೂರ ಇಡಬೇಡಿ. ನೇರವಾಗಿ ಸ್ಟೇಜಿಗೆ ಹತ್ತಿಸುವುದು ತಪ್ಪು, ನಿಜ. ಮಧ್ಯೆ ಒಂದು ಮೆಟ್ಟಿಲು ಬೇಕು. ನಮ್ಮ ಕಡೆ ಶನಿವಾರದ ಭಜನೆ ಅಂಥ ಮೆಟ್ಟಿಲು. ಅಲ್ಲಿ ಎಲ್ಲರೂ ಒಟ್ಟಿಗೆ ಹಾಡುತ್ತಾರೆ. ಮಗು ಮೂಲೆಯಲ್ಲಿ ಕೂತು ಶ್ರುತಿ ಹಿಡಿದರೆ ಯಾರೂ ತಿರುಗಿ ನೋಡುವುದಿಲ್ಲ. ತಪ್ಪಿದರೆ ತಾಳದ ಸದ್ದಿನಲ್ಲಿ ಮುಚ್ಚಿಹೋಗುತ್ತದೆ. ಆದರೆ ಶ್ರುತಿ ನಿಂತರೆ ಎಲ್ಲರಿಗೂ ತಿಳಿಯುತ್ತದೆ, "ಎಲ್ಲಮ್ಮಾ ಶ್ರುತಿ?" ಅಂತ ಕೇಳುತ್ತಾರೆ. ನಾನು ಬೇಕಾದವಳು ಅಂತ ಮಗುವಿಗೆ ಆಗ ಗೊತ್ತಾಗುತ್ತದೆ.


ತಿಪಟೂರಿನ ಫಿಜಿಯೋ

ಎಲ್ಲರೂ ಒಳ್ಳೆಯ ಮಾತು ಹೇಳಿದ್ದಾರೆ. ನಾನು ಕೈ ಬಗ್ಗೆ ಮಾತ್ರ ಹೇಳುತ್ತೇನೆ.

ಕುರ್ಚಿ ಎತ್ತರ ಸರಿ ಇರಲಿ. ಪಾದ ಎರಡೂ ನೆಲಕ್ಕೆ ಪೂರ್ತಿ ತಾಗಬೇಕು, ತಾಗದಿದ್ದರೆ ಮಣೆ ಇಡಿ. ಮೊಣಕೈ ಕೀಗಳ ಎತ್ತರಕ್ಕೇ ಬರಲಿ. ಬಲಗೈ ಕಷ್ಟದ ಜಾಗ ನುಡಿಸುವಾಗ ಎಡಗೈ ಇನ್ನೂ ಬಿಗಿಯಾಗುತ್ತದೆ, ಗಾಬರಿಯಾದರೂ ಬಿಗಿಯಾಗುತ್ತದೆ. ಈ ಮಕ್ಕಳಲ್ಲಿ ಅದು ಸಹಜ, ಮಗು ಬೇಕೆಂದು ಮಾಡುತ್ತಿಲ್ಲ. ಆಗ ಬೆರಳು ಎಳೆದು ಬಿಡಿಸಬೇಡಿ. ನಿಲ್ಲಿಸಿ, ಭುಜ ಸಡಿಲ ಬಿಡಲು ಹೇಳಿ, ಮತ್ತೆ ಶುರು ಮಾಡಿ. ಒಂದು ಸಲಕ್ಕೆ ಹತ್ತು ನಿಮಿಷ ಸಾಕು. ನೋವು ಅಂದರೆ ಅವತ್ತಿಗೆ ಮುಗಿಯಿತು.

ಇನ್ನೊಂದು. ದಿನದ ವ್ಯಾಯಾಮ, ಸ್ಪ್ಲಿಂಟ್ ಯಾವುದನ್ನೂ ಬಿಡಬೇಡಿ. ಪಿಯಾನೋ ಕಲಿತರೆ ಕೈ ಬಿಚ್ಚಿಕೊಳ್ಳುತ್ತದೆ ಅಂತ ಮಗುವಿಗೆ ಆಸೆ ತೋರಿಸಬೇಡಿ. ಬಿಚ್ಚದಿದ್ದರೆ ಅವಳು ಪಿಯಾನೋದಲ್ಲೂ ಫೇಲ್ ಆದೆ ಅಂದುಕೊಳ್ಳುತ್ತಾಳೆ. ಆ ಕೈಯನ್ನು ಅಡಗಿಸದೆ ಅವಳಾಗಿಯೇ ಕೆಲಸಕ್ಕೆ ತಂದರೆ ನಮ್ಮಂಥವರಿಗೆ ಅದೇ ದೊಡ್ಡ ಲಾಭ. ನಾವು ಎಷ್ಟು ಹೇಳಿದರೂ ಆಗದ ಕೆಲಸ ಅದು.


ಕ್ಯಾತ್ಸಂದ್ರದ ಅಮ್ಮ

ಎಲ್ಲರಿಗೂ ಕೈ ಮುಗಿಯುತ್ತೇನೆ. ಪ್ರತಿ ಉತ್ತರವನ್ನೂ ಎರಡೆರಡು ಸಲ ಓದಿದೆ. ಮಿಸ್ ಹೇಳಿದ ಫೀಸಿನ ಮಾತನ್ನು ಮಗಳಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ "ಯಾವಾಗ ಹೋಗೋಣ?" ಅಂದಳು. ಹೋಗಿ ಬಂದು ಬರೆಯುತ್ತೇನೆ.


ಕ್ಯಾತ್ಸಂದ್ರದ ಅಮ್ಮ, ಐದು ತಿಂಗಳ ನಂತರ

ಬರೆಯುತ್ತೇನೆ ಅಂದವಳು ಇಷ್ಟು ತಡ ಮಾಡಿದೆ, ಕ್ಷಮಿಸಿ. ಹೇಳುವಂಥದ್ದು ಏನಾದರೂ ಆಗಲಿ ಅಂತ ಕಾಯುತ್ತಿದ್ದೆ.

ಮಿಸ್ ಹತ್ತಿರವೇ ಸೇರಿಸಿದೆವು. ಮಂಗಳವಾರ ಮತ್ತು ಶುಕ್ರವಾರ ಸಂಜೆ ಇಪ್ಪತ್ತು ನಿಮಿಷ. ನಾನೂ ಹೊರಗೆ ಜಗಲಿಯಲ್ಲೇ ಕೂರುತ್ತೇನೆ. ಮೊದಲ ದಿನ ಎಡಗೈ ಮುಷ್ಟಿ ಇಟ್ಟಾಗ ಎರಡು ಮೂರು ಕೀ ಒಟ್ಟಿಗೆ ಒತ್ತಿಕೊಂಡು ಕರ್ಕಶವಾಗಿ ಸದ್ದು ಬಂತಂತೆ. ಇವಳು ತಕ್ಷಣ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಳಂತೆ. ಮಿಸ್ ಏನೂ ಹೇಳದೆ ಒಳಗೆ ಹೋಗಿ, ಪೆನ್ಸಿಲ್ ಅಳಿಸುವ ರಬ್ಬರ್ ಒಂದನ್ನು ಅರ್ಧ ಕತ್ತರಿಸಿ ತಂದು, ಆ ಒಂದು ಕಪ್ಪು ಕೀ ಮೇಲೆ ಡಬಲ್ ಟೇಪಿನಿಂದ ಅಂಟಿಸಿದರು. ಈಗ ಅದು ಉಳಿದವುಗಳಿಗಿಂತ ಎತ್ತರ. ಮುಷ್ಟಿ ಇಟ್ಟರೆ ಅದೊಂದೇ ಒತ್ತುತ್ತದೆ. ನಮ್ಮ ಮನೆಯ ಕೀಬೋರ್ಡಿಗೂ ಅದೇ ಥರ ಅಂಟಿಸಿದ್ದೇವೆ. ಆ ರಬ್ಬರ್ ಎರಡು ಸಲ ಬಿದ್ದಿತ್ತು. ಎರಡು ಸಲವೂ ಅವಳೇ ಅಂಟಿಸಿದಳು, ನನ್ನನ್ನು ಕರೆಯಲಿಲ್ಲ.

ಮೋಹನದಲ್ಲಿ ಚಿಕ್ಕ ಚಿಕ್ಕ ವರಸೆ ನುಡಿಸುತ್ತಾಳೆ. ಒಂದು ದೇವರನಾಮದ ಪಲ್ಲವಿ ಬಂದಿದೆ. ಅನುಪಲ್ಲವಿಯಲ್ಲಿ ಇನ್ನೂ ತಡವರಿಸುತ್ತಾಳೆ. ಬಲಗೈ ವೇಗ ಹಿಡಿದರೆ ಎಡಗೈ ಬಿಗಿಯಾಗಿ ಕೀಯಿಂದ ಜಾರುತ್ತದೆ. ಫಿಜಿಯೋ ಅವರು ಹೇಳಿದ ಹಾಗೆ ನಿಲ್ಲಿಸಿ, ಭುಜ ಅಲ್ಲಾಡಿಸಿ, ಮತ್ತೆ ಶುರು ಮಾಡುತ್ತಾಳೆ. ಕೈ ಬಿಚ್ಚಿಕೊಂಡಿಲ್ಲ. ಮುಷ್ಟಿ ಮುಷ್ಟಿಯಾಗಿಯೇ ಇದೆ. ಆದರೆ ಮೊದಲು ನಾವೆಲ್ಲ ಅದನ್ನು "ಆ ಕೈ" ಅನ್ನುತ್ತಿದ್ದೆವು. ಅವಳು ಈಗ "ತಂಬೂರಿ ಕೈ" ಅನ್ನುತ್ತಾಳೆ. ಅಜ್ಜಿಯ ಬಾಯಲ್ಲೂ ಅದೇ ಬಂದಿದೆ.

ಕಷ್ಟದ ದಿನಗಳೂ ಇದ್ದವು. ಎರಡನೇ ತಿಂಗಳಲ್ಲಿ, ಇವಳಿಗಿಂತ ಚಿಕ್ಕ ಹುಡುಗನೊಬ್ಬ ಎರಡು ಕೈಯಲ್ಲಿ ಸಲೀಸಾಗಿ ನುಡಿಸುವುದನ್ನು ಬಾಗಿಲಲ್ಲಿ ನಿಂತು ನೋಡಿದಳು. ಮನೆಗೆ ಬಂದು ಊಟ ಮಾಡಲಿಲ್ಲ. ನಾನು ಹೆದರಿದ್ದು ಇದಕ್ಕೇ. ಏನು ಹೇಳಬೇಕು ಅಂತ ನನಗೆ ತೋಚಲಿಲ್ಲ. ಸುಮ್ಮನೆ ಪಕ್ಕದಲ್ಲಿ ಮಲಗಿದೆ. ಆ ಶುಕ್ರವಾರ ಕ್ಲಾಸಿಗೆ ಹೊರಡುತ್ತಾಳೋ ಇಲ್ಲವೋ ಅಂತ ನಾನು ಬಾಯಿ ಬಿಡದೆ ಕಾದೆ. ಐದು ಗಂಟೆಗೆ ತಾನೇ ಚಪ್ಪಲಿ ಹಾಕಿಕೊಂಡು ಸ್ಕೂಟರ್ ಹತ್ತಿರ ನಿಂತಿದ್ದಳು.

ಮೊನ್ನೆ ಸಂಕ್ರಾಂತಿಗೆ ಎಳ್ಳು ಬೀರಲು ಹೋದಳು. ಪ್ರತಿ ವರ್ಷ ತಟ್ಟೆ ಹಿಡಿಯಲು ಆಗುವುದಿಲ್ಲ ಅಂತ ಮನೆಯಲ್ಲೇ ಉಳಿಯುತ್ತಿದ್ದವಳು. ಈ ಸಲ ತಟ್ಟೆಯನ್ನು ಎಡ ಮುಂಗೈ ಮೇಲೆ ಇಟ್ಟ ಹಾಗೆ ಮಾಡಿ, ಬಲಗೈಯಲ್ಲಿ ಅಂಚು ಹಿಡಿದು, ಎದುರು ಸಾಲಿನ ಎರಡು ಮನೆಗೆ ಹೋಗಿ ಬಂದಳು. ಮೂರನೇ ಮನೆಗೆ ನನ್ನನ್ನು ಕರೆದಳು, ಅಲ್ಲಿ ನಾಯಿ ಇದೆ.

ಅವತ್ತು ಸಂಜೆ ನೆಂಟರೆಲ್ಲ ಬಂದಿದ್ದರು. "ನುಡಿಸೇ ಪುಟ್ಟಿ, ಕೇಳೋಣ" ಅಂತ ಶುರು ಮಾಡಿದರು. ನನಗೆ ಮಿಸ್ ಹೇಳಿದ ಸ್ಟೇಜ್ ಕಥೆ ನೆನಪಾಗಿ ಎದೆ ಹೊಡೆದುಕೊಂಡಿತು. ನಾನು ಬೇಡ ಅನ್ನುವಷ್ಟರಲ್ಲಿ ಅವಳೇ ಹೇಳಿದಳು: "ಈಗ ಬೇಡ ಚಿಕ್ಕಪ್ಪ. ಅನುಪಲ್ಲವಿ ಇನ್ನೂ ಸರಿಯಾಗಿ ಬಂದಿಲ್ಲ. ಬಂದ ಮೇಲೆ ನಾನೇ ಕರೀತೀನಿ." ಅಷ್ಟು ಜನರ ಮುಂದೆ, ನನ್ನ ಸೆರಗು ಹಿಡಿಯದೆ.

ಹದಿನೈದು ದಿನ ಆದ ಮೇಲೆ ಒಂದು ಮಧ್ಯಾಹ್ನ ಅಜ್ಜಿಯನ್ನು ಕರೆದಳು. ಅಜ್ಜಿ ಒಬ್ಬರನ್ನೇ. ನಾನು ಅಡುಗೆಮನೆಯಲ್ಲಿ ಒಲೆ ಸಣ್ಣ ಮಾಡಿ ನಿಂತೆ. ಮೊದಲು ಶ್ರುತಿ ಬಂತು, ಆಮೇಲೆ ಪಲ್ಲವಿ. ಅನುಪಲ್ಲವಿಯಲ್ಲಿ ಒಂದು ಕಡೆ ತಪ್ಪಿತು. ನಿಲ್ಲಿಸಿದಳು. "ಅಜ್ಜಿ, ಇದು ತಪ್ಪು, ಇನ್ನೊಂದು ಸಲ ಕೇಳು" ಅಂದಳು. ಅಜ್ಜಿ "ಹೂಂ ಕಂದ, ನುಡಿಸು" ಅಂದರು.

ಮಧುಗಿರಿ ಮೇಷ್ಟ್ರೇ, ನಮ್ಮ ಬೀದಿಯ ಭಜನೆಗೆ ಬರುತ್ತೀಯಾ ಅಂತ ಕೇಳಿದ್ದೇನೆ. ಯೋಚನೆ ಮಾಡಿ ಹೇಳುತ್ತೇನೆ ಅಂದಿದ್ದಾಳೆ.

ಕೊನೆಗೆ ಒಂದು ಸಹಾಯ. ಈಗ ಕೀಬೋರ್ಡನ್ನು ಊಟದ ಟೇಬಲ್ ಮೇಲೆ ಇಟ್ಟು ನುಡಿಸುತ್ತಾಳೆ, ಅದು ಅವಳ ಮೊಣಕೈಗಿಂತ ಎತ್ತರ. ಎತ್ತರ ಹೆಚ್ಚು ಕಡಿಮೆ ಮಾಡುವಂಥ ಹಳೆಯ ಸ್ಟ್ಯಾಂಡ್ ತುಮಕೂರಿನಲ್ಲಿ ಯಾರ ಹತ್ತಿರವಾದರೂ ಇದ್ದರೆ ತಿಳಿಸಿ, ನಾವೇ ಬಂದು ತೆಗೆದುಕೊಂಡು ಹೋಗುತ್ತೇವೆ.